ನಾಯಿ ಜತೆ ಟ್ರಕ್ ಮನೆಯಲ್ಲಿ 10 ಸಾವಿರ ಮೈಲಿ: ನೊಬೆಲ್ ಲೇಖಕ ಜಾನ್ ಸ್ಟೈನ್‌ಬೆಕ್ ಹುಡುಕಿ ಹೊರಟಿದ್ದೇನು?

ಮಲಗಲು ಒಂದು ಹಾಸಿಗೆ, ಅಡುಗೆಗೆ ಪುಟ್ಟ ಒಲೆ, ಪಕ್ಕದ ಸೀಟಿನಲ್ಲಿ ಕಿಟಕಿಯಾಚೆ ಮೂತಿ ಚಾಚಿ ಕೂತ ನಾಯಿ. ಚಳಿ ಕಳೆದು ವಸಂತ ಕಾಲಿಟ್ಟಿತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಇಂಥ ಚಕ್ರದ ಮನೆಗಳು ಸಾಲುಗಟ್ಟುತ್ತವೆ. ಹೊಳೆಯ ದಡದಲ್ಲೋ ಕಾಡಿನ ಅಂಚಿನಲ್ಲೋ ಗಾಡಿ ನಿಲ್ಲಿಸಿ, ನಾಲ್ಕು ದಿನ ಯಾರ ಗೊಡವೆಯೂ ಇಲ್ಲದೆ ಇದ್ದು ಬರುವುದು ಅಲ್ಲಿ ಎಷ್ಟೋ ಕುಟುಂಬಗಳ ವಾಡಿಕೆ. ಈಗೀಗ ಮುಂಬೈ, ಬೆಂಗಳೂರುಗಳಲ್ಲೂ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಸಿಗುತ್ತದೆ.

ನಾಯಿಯನ್ನು ಕೂರಿಸಿಕೊಂಡು ಊರೂರು ಸುತ್ತುವ ಈ ಕನಸಿನ ಮಾತು ಬಂದಾಗಲೆಲ್ಲ ನೆನಪಾಗುವ ಹೆಸರು ಜಾನ್ ಸ್ಟೈನ್‌ಬೆಕ್. 1960ರಲ್ಲಿ ಅವರು ಚಾರ್ಲಿ ಎಂಬ ನಾಯಿಯ ಜತೆ ಅಮೆರಿಕ ಸುತ್ತಿದರು. ಆ ತಿರುಗಾಟದ ಪುಸ್ತಕ 'ಟ್ರಾವೆಲ್ಸ್ ವಿತ್ ಚಾರ್ಲಿ' 1962ರ ಜುಲೈನಲ್ಲಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಆದರೆ ಸ್ಟೈನ್‌ಬೆಕ್ ಬದುಕಿನಲ್ಲಿ ಚಕ್ರದ ಮನೆ ಬಂದದ್ದು ಅದೇ ಮೊದಲಲ್ಲ. ಅದಕ್ಕೂ 24 ವರ್ಷ ಹಿಂದೆ ಇನ್ನೊಂದು ಗಾಡಿ ಇತ್ತು. ಆಗ ಅವರು ಕಂಡ ಚಕ್ರದ ಮನೆಗಳಲ್ಲಿ ಇದ್ದವರು ರಜೆಗೆ ಹೊರಟವರಲ್ಲ, ಊರು ಬಿಟ್ಟು ಗುಳೆ ಬಂದವರು.

ಸಕ್ಕರೆ ಗದ್ದೆಯ ಹುಡುಗ

ಸ್ಟೈನ್‌ಬೆಕ್ ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯಾದ ಸಾಲಿನಾಸ್ ಎಂಬ ಊರಿನಲ್ಲಿ. ಎರಡು ಬೆಟ್ಟಸಾಲುಗಳ ನಡುವಿನ ಫಲವತ್ತಾದ ಕಣಿವೆ ಅದು. ತಂದೆ ಮಾಂಟೆರೆ ಕೌಂಟಿಯ ಖಜಾಂಚಿಯಾಗಿದ್ದವರು. ತಾಯಿ ಆಲಿವ್ ಹ್ಯಾಮಿಲ್ಟನ್ ಮದುವೆಗೆ ಮುಂಚೆ ಶಾಲಾ ಶಿಕ್ಷಕಿ. ಮೂವರು ಹೆಣ್ಣುಮಕ್ಕಳ ಮನೆಯಲ್ಲಿ ಇವರೊಬ್ಬರೇ ಗಂಡುಮಗ. ಒಂಬತ್ತನೇ ವಯಸ್ಸಿನಲ್ಲಿ ಬಂಧುವೊಬ್ಬರು ಕೊಟ್ಟ ರಾಜ ಆರ್ಥರ್‌ನ ಕಥೆಗಳ ಪುಸ್ತಕ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಮನೆಯಲ್ಲಿ ಅನುಕೂಲವಿದ್ದರೂ ಹುಡುಗ ಬೇಸಿಗೆ ರಜೆಯಲ್ಲಿ ಕೂಲಿಗೆ ಹೋಗುತ್ತಿದ್ದ. ಸ್ಪ್ರೆಕಲ್ಸ್ ಸಕ್ಕರೆ ಕಂಪನಿಯ ಬೀಟ್‌ರೂಟ್ ಹೊಲಗಳಲ್ಲಿ, ಊರೂರು ಅಲೆಯುವ ಕೂಲಿಯಾಳುಗಳ ನಡುವೆ ದುಡಿದ ಅನುಭವ ಮುಂದೆ ಕಾದಂಬರಿಗಳಿಗೆ ಬಂಡವಾಳವಾಯಿತು. 1919ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ ಸ್ಟೈನ್‌ಬೆಕ್ ಬಿಟ್ಟು ಬಿಟ್ಟು ಓದಿದರು. ಮನಸ್ಸಿಗೆ ಬಂದ ತರಗತಿಗೆ ಮಾತ್ರ ಹೋಗಿ, 1925ರಲ್ಲಿ ಪದವಿಯಿಲ್ಲದೆಯೇ ಹೊರಬಿದ್ದರು. ನ್ಯೂಯಾರ್ಕಿಗೆ ಹೋಗಿ ಕಟ್ಟಡ ಕಾಮಗಾರಿಯಲ್ಲಿ ಇಟ್ಟಿಗೆ, ಸಿಮೆಂಟು ಹೊತ್ತರು. ಪತ್ರಿಕೆಯೊಂದರ ವರದಿಗಾರರಾದರು, ಅದೂ ಕೈಹಿಡಿಯಲಿಲ್ಲ. ಸೋತ ಮುಖ ಹೊತ್ತು ಕ್ಯಾಲಿಫೋರ್ನಿಯಾಕ್ಕೆ ಮರಳಿ ತಾಹೋ ಸರೋವರದ ಬಳಿ ಶ್ರೀಮಂತರ ಬೇಸಿಗೆ ಮನೆಯೊಂದಕ್ಕೆ ಕಾವಲುಗಾರರಾದರು. ಚಳಿಗಾಲದಲ್ಲಿ ಹಿಮ ಮುಚ್ಚಿದ ಆ ಜಾಗದಲ್ಲಿ ಮಾತಿಗೆ ಜನ ಸಿಗುವುದೇ ಅಪರೂಪ. ಅಲ್ಲೇ ಕೂತು ಮೊದಲ ಕಾದಂಬರಿ ಬರೆದರು. 1929ರಲ್ಲಿ ಅದು ಅಚ್ಚಾಯಿತು, ಓದಿದವರು ಕಡಿಮೆ.

1930ರ ಜನವರಿಯಲ್ಲಿ ಕ್ಯಾರೊಲ್ ಹೆನ್ನಿಂಗ್ ಅವರನ್ನು ಮದುವೆಯಾದರು. ಅಮೆರಿಕದ ಆರ್ಥಿಕತೆ ಕುಸಿದು ಬಿದ್ದಿದ್ದ ಕಾಲ ಅದು. ಪೆಸಿಫಿಕ್ ಗ್ರೋವ್‌ನಲ್ಲಿದ್ದ ತಂದೆಯ ಸಣ್ಣ ಮನೆಯಲ್ಲಿ ಬಾಡಿಗೆ ಕೊಡದೆ ಇದ್ದರು. ತಂದೆ ತಿಂಗಳಿಗೆ 25 ಡಾಲರ್ ಕೊಡುತ್ತಿದ್ದರು. ಸಮುದ್ರದಲ್ಲಿ ಮೀನು ಹಿಡಿದು, ಹಿತ್ತಲಲ್ಲಿ ತರಕಾರಿ ಬೆಳೆದು ದಿನ ದೂಡಿದರು. ಅಲ್ಲೇ ಪರಿಚಯವಾದವರು ಎಡ್ ರಿಕೆಟ್ಸ್. ಮೀನು ಡಬ್ಬಿ ತುಂಬಿಸುವ ಕಾರ್ಖಾನೆಗಳ ಬೀದಿಯಲ್ಲಿ, ಶಾಲೆ ಕಾಲೇಜುಗಳಿಗೆ ಕಡಲಜೀವಿಗಳ ಮಾದರಿ ಕಳಿಸುವ ಸಣ್ಣ ಪ್ರಯೋಗಾಲಯ ನಡೆಸುತ್ತಿದ್ದ ಜೀವವಿಜ್ಞಾನಿ ಅವರು. ಮುಂದಿನ 18 ವರ್ಷ ರಿಕೆಟ್ಸ್ ಸ್ಟೈನ್‌ಬೆಕ್‌ಗೆ ಗೆಳೆಯ, ಗುರು ಎರಡೂ ಆಗಿದ್ದರು.

ನಾಯಿಗಳಿಲ್ಲದ ದಿನಗಳು ಸ್ಟೈನ್‌ಬೆಕ್ ಬದುಕಿನಲ್ಲಿ ಕಡಿಮೆ. ಅವುಗಳಲ್ಲಿ ಟೋಬಿ ಎಂಬ ಮರಿಯ ಕಥೆ ಪ್ರಸಿದ್ಧ. 1936ರ ಒಂದು ರಾತ್ರಿ ಮನೆಯಲ್ಲಿ ಒಂಟಿಯಾಗಿದ್ದ ಟೋಬಿ 'ಆಫ್ ಮೈಸ್ ಅಂಡ್ ಮೆನ್' ಕೃತಿಯ ಹಸ್ತಪ್ರತಿಯಲ್ಲಿ ಅರ್ಧದಷ್ಟನ್ನು ಹರಿದು ಹಾಕಿತು. ಎರಡು ತಿಂಗಳ ಕೆಲಸ, ಬೇರೆ ಪ್ರತಿಯೂ ಇರಲಿಲ್ಲ. ಸ್ಟೈನ್‌ಬೆಕ್ ನಾಯಿಗೆ ಸಣ್ಣದೊಂದು ಏಟು ಕೊಟ್ಟು ಸುಮ್ಮನಾದರು. ಬರೆದದ್ದು ಅಷ್ಟೇನೂ ಚೆನ್ನಾಗಿರಲಿಲ್ಲವೇನೋ, ಟೋಬಿ ವಿಮರ್ಶಕನ ಕೆಲಸ ಮಾಡಿರಬಹುದು ಎಂದು ತಮಾಷೆ ಮಾಡಿಕೊಂಡು ಮತ್ತೆ ಬರೆಯಲು ಕೂತರು. 1937ರಲ್ಲಿ ಹೊರಬಂದ ಆ ಪುಟ್ಟ ಕೃತಿ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು.

ಬ್ರೆಡ್ ಸಾಗಿಸುವ ಹಳೇ ಗಾಡಿ

1936ರ ಬೇಸಿಗೆಯಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್' ಪತ್ರಿಕೆ ಸ್ಟೈನ್‌ಬೆಕ್‌ಗೆ ಒಂದು ಕೆಲಸ ಕೊಟ್ಟಿತು. ಮಧ್ಯ ಅಮೆರಿಕದ ಬಯಲುಸೀಮೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹರಿದು ಬರುತ್ತಿದ್ದ ರೈತ ಕುಟುಂಬಗಳ ಸ್ಥಿತಿಗತಿ ನೋಡಿ ಬರೆಯಬೇಕು. ಓಕ್ಲಹೋಮಾ, ಟೆಕ್ಸಸ್, ಅರ್ಕಾನ್ಸಾ, ಕಾನ್ಸಾಸ್ ಕಡೆ ವರ್ಷಗಟ್ಟಲೆ ಮಳೆಯಿಲ್ಲ. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಹಾಕಿದ್ದರಿಂದ ಮಣ್ಣು ಹಿಡಿದಿಡುವ ಬೇರುಗಳೂ ಇಲ್ಲ. ಗಾಳಿ ಎದ್ದರೆ ಹೊಲದ ಮೇಲ್ಮಣ್ಣೇ ಎದ್ದು ಹೋಗುತ್ತಿತ್ತು, ನಡುಹಗಲಲ್ಲೇ ಕತ್ತಲೆ ಕವಿಯುತ್ತಿತ್ತು. ಸಾಲ ತೀರಿಸಲಾಗದೆ ಜಮೀನು ಬ್ಯಾಂಕಿನ ಪಾಲಾದವರು, ಟ್ರ್ಯಾಕ್ಟರ್ ಬಂದ ಮೇಲೆ ಗೇಣಿ ಕಳೆದುಕೊಂಡವರು ಹಳೆ ಕಾರು, ಟ್ರಕ್ಕುಗಳಿಗೆ ಪಾತ್ರೆ, ಹಾಸಿಗೆ, ಮಕ್ಕಳು, ಮುದುಕರನ್ನು ಹೇರಿಕೊಂಡು 66ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟಿದ್ದರು.

ಸ್ಟೈನ್‌ಬೆಕ್ ಬೇಕರಿಯವರು ಬ್ರೆಡ್ ಸಾಗಿಸಲು ಬಳಸುತ್ತಿದ್ದ ಹಳೆಯ ಗಾಡಿಯೊಂದನ್ನು ಕೊಂಡರು. ರಾತ್ರಿ ಅದರಲ್ಲೇ ಮಲಗಲು, ಒಂದಿಷ್ಟು ಬೇಯಿಸಿಕೊಳ್ಳಲು ಬೇಕಾದ ಸಾಮಾನು ತುಂಬಿಕೊಂಡರು. ಹೊಸ ಕಾರಿನಲ್ಲಿ ಹೋದರೆ ಕೂಲಿಗಳು ಹತ್ತಿರ ಸೇರಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಇವರೂ ನಮ್ಮ ಹಾಗೇ ಗಾಡಿಯಲ್ಲಿ ಬದುಕುವವರು ಎನ್ನುವಂತಿದ್ದರೆ ಮಾತು ತಾನಾಗಿ ಹುಟ್ಟುತ್ತದೆ.

ಕಂಡ ದೃಶ್ಯಗಳು ಅವರನ್ನು ಕಲಕಿದವು. ಕಾಲುವೆಯ ದಂಡೆಯಲ್ಲಿ ರಟ್ಟು, ಗೋಣಿ, ತಗಡಿನ ಗುಡಿಸಲುಗಳು. ಕೆಟ್ಟು ನಿಂತ ಕಾರಿನೊಳಗೇ ಸಂಸಾರಗಳು. ಕುಡಿಯುವುದಕ್ಕೂ ಬಳಸುವುದಕ್ಕೂ ಒಂದೇ ಕಾಲುವೆಯ ನೀರು, ಅಪೌಷ್ಟಿಕತೆಯಿಂದ ಸಾಯುವ ಮಕ್ಕಳು. ಹಣ್ಣು ಕೀಳುವ ಕಾಲ ಮುಗಿದ ಮರುದಿನವೇ ಪೊಲೀಸರು ಬಂದು ಎಬ್ಬಿಸಿ ಕಳಿಸುತ್ತಿದ್ದರು. ಬೆಳೆಗೆ ಇವರ ಕೈ ಬೇಕು, ಊರಿಗೆ ಇವರು ಬೇಡ.

ಇದರ ನಡುವೆ ಒಂದು ಬೇರೆ ಬಗೆಯ ಜಾಗವೂ ಇತ್ತು. ಬೇಕರ್ಸ್‌ಫೀಲ್ಡ್ ಹತ್ತಿರದ ಆರ್ವಿನ್‌ನಲ್ಲಿ ಕೇಂದ್ರ ಸರ್ಕಾರ ವಲಸಿಗರಿಗಾಗಿ ಒಂದು ಶಿಬಿರ ತೆರೆದಿತ್ತು. ಜನ ಅದನ್ನು ವೀಡ್‌ಪ್ಯಾಚ್ ಎಂದೂ ಕರೆಯುತ್ತಿದ್ದರು. ಅಲ್ಲಿ ಸ್ವಚ್ಛ ಶೌಚಾಲಯ, ಸ್ನಾನಕ್ಕೆ ನೀರು ಇತ್ತು. ಶಿಬಿರದ ಆಡಳಿತ ಅಲ್ಲಿನವರೇ ಆರಿಸಿದ ಸಮಿತಿಯ ಕೈಯಲ್ಲಿತ್ತು. ನೋಡಿಕೊಳ್ಳುತ್ತಿದ್ದವರು ಟಾಮ್ ಕಾಲಿನ್ಸ್ ಎಂಬ ಅಧಿಕಾರಿ. ಪ್ರತಿ ಕುಟುಂಬದ ಕಷ್ಟ, ಊಟ, ಹಾಡು, ಆಡುಮಾತು ಎಲ್ಲವನ್ನೂ ಕಾಲಿನ್ಸ್ ವಾರವಾರವೂ ವರದಿ ಮಾಡಿ ಇಡುತ್ತಿದ್ದರು. ಆ ವರದಿಗಳ ಕಟ್ಟು ಸ್ಟೈನ್‌ಬೆಕ್ ಕೈಗೆ ಬಂತು. ಇಂಥ ಸರ್ಕಾರಿ ಕಡತ ಸಿಕ್ಕಿದ ಕಾದಂಬರಿಕಾರರು ಬಹಳ ಮಂದಿ ಇರಲಿಕ್ಕಿಲ್ಲ.

ಅಕ್ಟೋಬರ್‌ನಲ್ಲಿ ಏಳು ಲೇಖನಗಳು ಪ್ರಕಟವಾದವು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. 1938ರ ಫೆಬ್ರವರಿಯಲ್ಲಿ ವಿಸೇಲಿಯಾ ಸುತ್ತಮುತ್ತ ಪ್ರವಾಹ ಬಂದು ಸಾವಿರಾರು ಕುಟುಂಬಗಳು ನೀರು ನಿಂತ ಟೆಂಟುಗಳಲ್ಲಿ ಹಸಿದು ಕೂತಾಗ ಸ್ಟೈನ್‌ಬೆಕ್ ಮತ್ತೆ ಹೋದರು. ಕಾಲಿನ್ಸ್ ಜತೆ ಕೆಸರಿನಲ್ಲಿ ಓಡಾಡಿ ಜನರನ್ನು ಸಾಗಿಸಲು, ಆಹಾರ ಮುಟ್ಟಿಸಲು ನೆರವಾದರು. ಈ ಜನರ ಸಂಕಟ ಬರೆದು ಪತ್ರಿಕೆಗಳಿಂದ ದುಡ್ಡು ಎಣಿಸಿಕೊಳ್ಳುವುದು ಅವರಿಗೆ ಸರಿಕಾಣಲಿಲ್ಲ.

ಅದೇ ವರ್ಷ ಮೇ ಕೊನೆಯಲ್ಲಿ ಬರೆಯಲು ಕೂತವರು ಅಕ್ಟೋಬರ್ 26ಕ್ಕೆ ಎದ್ದರು. ಕೆಲಸದ ದಿನ ಲೆಕ್ಕ ಹಾಕಿದರೆ ಸುಮಾರು ನೂರು. ಕ್ಯಾರೊಲ್ ಹಸ್ತಪ್ರತಿ ಬೆರಳಚ್ಚು ಮಾಡಿದರು, ತಿದ್ದಿದರು, 'ದಿ ಗ್ರೇಪ್ಸ್ ಆಫ್ ರಾತ್' ಎಂಬ ಹೆಸರು ಹುಡುಕಿಕೊಟ್ಟವರೂ ಅವರೇ. ಜಮೀನು ಕಳೆದುಕೊಂಡ ಜೋಡ್ ಕುಟುಂಬ, ಕಾರನ್ನು ಕತ್ತರಿಸಿ ಮಾಡಿಕೊಂಡ ಟ್ರಕ್ಕಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಕಥೆ ಅದು. ದಾರಿಯಲ್ಲಿ ಅಜ್ಜ ಸಾಯುತ್ತಾನೆ, ಅಜ್ಜಿ ಸಾಯುತ್ತಾಳೆ. ಪಯಣ ಶುರುವಾಗಿ ಹೆಚ್ಚು ಹೊತ್ತಾಗುವ ಮೊದಲೇ ಅವರ ನಾಯಿ ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಸಾಯುತ್ತದೆ. ಕೃತಿಯನ್ನು ಸ್ಟೈನ್‌ಬೆಕ್ ಇಬ್ಬರಿಗೆ ಅರ್ಪಿಸಿದರು: ಒಬ್ಬರು ಕ್ಯಾರೊಲ್, ಇನ್ನೊಬ್ಬರು ಟಾಮ್ ಕಾಲಿನ್ಸ್.

1939ರ ಏಪ್ರಿಲ್ 14ರಂದು ಪ್ರಕಟವಾದ ಕಾದಂಬರಿ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕವಾಯಿತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು, ಜಾನ್ ಫೋರ್ಡ್ ನಿರ್ದೇಶನದ ಸಿನಿಮಾವೂ ಬಂತು. ಆರ್ವಿನ್ ಶಿಬಿರ ಇದ್ದ ಕರ್ನ್ ಕೌಂಟಿಯಲ್ಲಿ ಮಾತ್ರ ಗ್ರಂಥಾಲಯ, ಶಾಲೆಗಳಲ್ಲಿ ಪುಸ್ತಕಕ್ಕೆ ನಿಷೇಧ ಹೇರಲಾಯಿತು. ಬೇಕರ್ಸ್‌ಫೀಲ್ಡ್‌ನಲ್ಲಿ ಪ್ರತಿಗೆ ಬೆಂಕಿ ಇಟ್ಟು ಫೋಟೋ ತೆಗೆಸಿಕೊಂಡರು. ದೊಡ್ಡ ಜಮೀನ್ದಾರರು ಲೇಖಕನನ್ನು ಸುಳ್ಳುಗಾರ, ಕಮ್ಯುನಿಸ್ಟ್ ಎಂದು ಜರೆದರು.

ನಿಜವಾದ ವಸಂತ ವಿಹಾರ

ಈ ಗದ್ದಲದಿಂದ ಸ್ಟೈನ್‌ಬೆಕ್ ಬಳಲಿ ಹೋಗಿದ್ದರು. ಕಾಲು ನೋವು, ಅಪರಿಚಿತರ ಪತ್ರಗಳು, ದೂರವಾಣಿ ಕರೆಗಳು, ಬಿರುಕು ಬಿಡುತ್ತಿದ್ದ ದಾಂಪತ್ಯ. ಎಲ್ಲ ಬಿಟ್ಟು 1940ರ ಮಾರ್ಚ್ 11ರಂದು ರಿಕೆಟ್ಸ್ ಜತೆ 'ವೆಸ್ಟರ್ನ್ ಫ್ಲೈಯರ್' ಎಂಬ ಬಾಡಿಗೆ ಮೀನುಗಾರಿಕೆ ದೋಣಿ ಹತ್ತಿ ಮೆಕ್ಸಿಕೋ ಕಡೆಯ ಕ್ಯಾಲಿಫೋರ್ನಿಯಾ ಕೊಲ್ಲಿಗೆ ಹೊರಟರು. ಆರು ವಾರ, ಸುಮಾರು 4,000 ಮೈಲಿ.

ದಿನವಿಡೀ ಮಾಡುತ್ತಿದ್ದದ್ದು ಒಂದೇ ಕೆಲಸ. ಸಮುದ್ರ ಇಳಿತವಾದಾಗ ದಡಕ್ಕೆ ಹೋಗಿ, ಕಲ್ಲು ಮಗುಚಿ, ಏಡಿ, ನಕ್ಷತ್ರಮೀನು, ಹುಳುಗಳನ್ನು ಆರಿಸಿ ಬಾಟಲಿಗೆ ಹಾಕುವುದು. ಸಂಜೆ ದೋಣಿಯ ಮೇಲೆ ಕೂತು ಬಿಯರ್ ಕುಡಿಯುತ್ತ ಲೋಕದ ವಿಷಯ ಮಾತಾಡುವುದು. ಸಣ್ಣ ದೋಣಿಗೆ ಹಾಕುವ ಮೋಟಾರೊಂದು ಬೇಕಾದಾಗ ಒಮ್ಮೆಯೂ ಚಾಲೂ ಆಗದೆ ಅವರನ್ನು ಸತಾಯಿಸಿದ್ದು ಆ ಪುಸ್ತಕದ ತಮಾಷೆಯ ಭಾಗ. ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು, ಅವರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಇಡೀ ಬದುಕಿನಲ್ಲಿ ಸ್ಟೈನ್‌ಬೆಕ್‌ಗೆ ನಿಜವಾಗಿ ವಿಶ್ರಾಂತಿ ಕೊಟ್ಟ ಪ್ರವಾಸ ಯಾವುದೆಂದು ಕೇಳಿದರೆ ಚಾರ್ಲಿ ಜತೆಗಿನದ್ದಲ್ಲ, ಬಹುಶಃ ಇದೇ. ವಸಂತದ ಆರು ವಾರ ಅವರು ತಮ್ಮ ಹೆಸರನ್ನೇ ಮರೆತು ಕಲ್ಲಿನಡಿಯ ಏಡಿ ಹುಡುಕುತ್ತಿದ್ದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ದೋಣಿಯಲ್ಲಿ ಕ್ಯಾರೊಲ್ ಕೂಡ ಇದ್ದರು. 1941ರಲ್ಲಿ ಬಂದ ಪ್ರವಾಸ ಕಥನದಲ್ಲಿ ಅವರ ಹೆಸರೇ ಇಲ್ಲ. ಅಷ್ಟು ಹೊತ್ತಿಗೆ ದಂಪತಿ ಬೇರೆಯಾಗಿದ್ದರು. ಜತೆಗಿದ್ದವರನ್ನು ಪುಸ್ತಕದಿಂದ ಮರೆಯಾಗಿಸುವ ಈ ಅಭ್ಯಾಸ ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡಿತು.

ನಡುವಿನ ವರ್ಷಗಳು ಏರಿಳಿತದವು. 1943ರಲ್ಲಿ ಗ್ವಿನ್ ಕಾಂಗರ್ ಜತೆ ಎರಡನೇ ಮದುವೆ, ಇಬ್ಬರು ಗಂಡುಮಕ್ಕಳು, ಯುದ್ಧರಂಗದ ವರದಿಗಾರಿಕೆ. 1948ರ ಮೇನಲ್ಲಿ ರಿಕೆಟ್ಸ್ ಅವರ ಕಾರಿಗೆ ರೈಲು ಬಡಿದು ಅವರು ತೀರಿಕೊಂಡರು. ಅದೇ ವರ್ಷ ಎರಡನೇ ಮದುವೆಯೂ ಮುರಿಯಿತು. 1950ರ ಡಿಸೆಂಬರ್‌ನಲ್ಲಿ ಎಲೇನ್ ಸ್ಕಾಟ್ ಅವರನ್ನು ಮದುವೆಯಾದ ಮೇಲೆ ಬದುಕು ಒಂದು ನೆಲೆಗೆ ಬಂತು. 1952ರಲ್ಲಿ 'ಈಸ್ಟ್ ಆಫ್ ಈಡನ್' ಬಂತು. ವಾಸ ನ್ಯೂಯಾರ್ಕಿಗೆ, ಆಮೇಲೆ ಸಮುದ್ರದ ಪಕ್ಕದ ಸ್ಯಾಗ್ ಹಾರ್ಬರ್‌ಗೆ ಬದಲಾಯಿತು. ಕ್ಯಾಲಿಫೋರ್ನಿಯಾ ದೂರವಾಯಿತು.

ಚಾರ್ಲಿ ಎಂಬ ರಾಯಭಾರಿ

1959ರ ಕೊನೆಯಲ್ಲಿ ಸ್ಟೈನ್‌ಬೆಕ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ವಯಸ್ಸು 58ರ ಹತ್ತಿರ. ವೈದ್ಯರು, ಮನೆಯವರು, ಗೆಳೆಯರು ಎಲ್ಲರದೂ ಒಂದೇ ಬುದ್ಧಿವಾದ: ಭಾರ ಎತ್ತಬೇಡಿ, ಕುಡಿಯಬೇಡಿ, ಸುಮ್ಮನೆ ಇರಿ. ಗಾಜಿನ ಸಾಮಾನಿನಂತೆ ತನ್ನನ್ನು ಎತ್ತಿಡುವುದು ಅವರಿಗೆ ಸಹಿಸಲಿಲ್ಲ. ಜತೆಗೆ ಇನ್ನೊಂದು ಕೊರೆತವಿತ್ತು. ಅಮೆರಿಕದ ಬಗ್ಗೆ ಬರೆಯುವವನೆಂದು ಹೆಸರಾದ ತಾನು ಇಪ್ಪತ್ತೈದು ವರ್ಷದಿಂದ ಆ ದೇಶವನ್ನು ಸರಿಯಾಗಿ ನೋಡಿಯೇ ಇಲ್ಲ, ನೆನಪಿನಿಂದ ಬರೆಯುತ್ತಿದ್ದೇನೆ ಎಂಬ ಕೊರೆತ.

ಜಿಎಂಸಿ ಕಂಪನಿಯ ಮುಕ್ಕಾಲು ಟನ್ನಿನ ಪಿಕಪ್ ಟ್ರಕ್ ತರಿಸಿದರು. ಅದರ ಮೇಲೆ ಸಣ್ಣ ಮನೆ ಕೂರಿಸಲಾಯಿತು. ಇಬ್ಬರು ಮಲಗುವ ಹಾಸಿಗೆ, ನಾಲ್ಕು ಉರಿಯ ಒಲೆ, ಬ್ಯೂಟೇನ್ ಅನಿಲದಿಂದ ನಡೆಯುವ ಹೀಟರು, ಫ್ರಿಜ್ಜು, ದೀಪ, ಶೌಚಕ್ಕೆ ವ್ಯವಸ್ಥೆ, ಸೊಳ್ಳೆಪರದೆಯ ಕಿಟಕಿ. ಡಾನ್ ಕ್ವಿಕ್ಸೋಟ್‌ನ ಬಡಕಲು ಕುದುರೆಯ ಹೆಸರಾದ ರೋಸಿನಾಂಟೆ ಎಂದು ಗಾಡಿಗೆ ಹೆಸರಿಟ್ಟು, ಹದಿನಾರನೇ ಶತಮಾನದ ಸ್ಪೇನಿನ ಅಕ್ಷರಗಳಲ್ಲಿ ಬರೆಸಿದರು. ತಾನು ಗಾಳಿಯಂತ್ರಗಳ ಮೇಲೆ ಯುದ್ಧಕ್ಕೆ ಹೊರಟ ಮುದುಕ ಎಂಬ ಅರಿವು ಅವರಿಗಿತ್ತು. ಯಾರಾದರೂ ಕೇಳಿದರೆ ಬೇಟೆಗೆ ಹೊರಟೆ ಎನ್ನಲು ಕೋವಿಯನ್ನೂ, ಮೀನಿನ ಗಾಳವನ್ನೂ ಇಟ್ಟುಕೊಂಡರು.

ಬಟ್ಟೆ ಒಗೆಯಲು ಅವರು ಕಂಡುಕೊಂಡ ಉಪಾಯ ಇವತ್ತಿನ ಕ್ಯಾಂಪಿಂಗ್ ಪ್ರಿಯರಿಗೂ ಉಪಯೋಗಕ್ಕೆ ಬರುವಂಥದ್ದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಬಟ್ಟೆ, ಬಿಸಿನೀರು, ಸಾಬೂನುಪುಡಿ ಹಾಕಿ ಹಿಗ್ಗುವ ಹಗ್ಗದಿಂದ ಟ್ರಕ್ಕಿನೊಳಗೆ ತೂಗುಹಾಕುವುದು. ರಸ್ತೆಯ ಕುಲುಕಾಟಕ್ಕೆ ದಿನವೆಲ್ಲ ಡಬ್ಬಿ ಕುಣಿದು ಸಂಜೆ ಹೊತ್ತಿಗೆ ಬಟ್ಟೆ ಶುಭ್ರ!

ಜತೆಗಾರ ಚಾರ್ಲಿ. ಪ್ಯಾರಿಸ್ ಹೊರವಲಯದ ಬೆರ್ಸಿಯಲ್ಲಿ ಹುಟ್ಟಿದ, ದೊಡ್ಡ ಗಾತ್ರದ ಪೂಡ್ಲ್. ಫ್ರೆಂಚ್‌ನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತಿತ್ತು, ಇಂಗ್ಲಿಷ್ ಆದರೆ ಸ್ವಲ್ಪ ಯೋಚಿಸಬೇಕಿತ್ತು. ವಯಸ್ಸು ಹತ್ತರ ಸುಮಾರು, ಅಂದರೆ ಅವನೂ ಯಜಮಾನನಂತೆ ಮುದುಕನೇ. ಮುಂದಿನ ಹಲ್ಲು ಸೊಟ್ಟಗಿದ್ದುದರಿಂದ ತುಟಿಯಿಂದ ಒಂದು ವಿಚಿತ್ರ ಸದ್ದು ಹೊರಡಿಸುತ್ತಿದ್ದ. ಆ ಸದ್ದು ಬಂದರೆ ಮರ ಕಂಡಿದೆ, ಗಾಡಿ ನಿಲ್ಲಿಸಬೇಕು ಎಂದರ್ಥ.

ಹೊರಡುವ ಮುಂಚೆಯೇ ಸೆಪ್ಟೆಂಬರ್‌ನಲ್ಲಿ ಡೋನಾ ಚಂಡಮಾರುತ ಬಂತು. ಲಂಗರು ಕಿತ್ತು ತೇಲಿದ ತಮ್ಮ ದೋಣಿಯನ್ನು ಉಳಿಸಲು ಸ್ಟೈನ್‌ಬೆಕ್ ಬಿರುಗಾಳಿಯಲ್ಲೇ ನೀರಿಗೆ ಹಾರಿದರು. ಹೃದಯ ಕೆಟ್ಟ ಮನುಷ್ಯ ಮಾಡುವ ಕೆಲಸವೇ ಇದು ಎಂದು ಎಲೇನ್‌ಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 1960ರ ಸೆಪ್ಟೆಂಬರ್ 23ರಂದು ರೋಸಿನಾಂಟೆ ಹೊರಟಿತು. ವಸಂತವಲ್ಲ, ಎಲೆ ಕೆಂಪಾಗಿ ಉದುರುವ ಕಾಲ.

ಮೇಯ್ನ್ ರಾಜ್ಯದಲ್ಲಿ ಆಲೂಗಡ್ಡೆ ಕೀಳಲು ಕೆನಡಾದಿಂದ ಬಂದಿದ್ದ ಫ್ರೆಂಚ್ ಭಾಷಿಕ ಕುಟುಂಬವೊಂದು ಬಿಡಾರ ಹೂಡಿದ್ದ ಜಾಗದ ಹತ್ತಿರ ಗಾಡಿ ನಿಲ್ಲಿಸಿದರು. ಇಲ್ಲಿ ಚಾರ್ಲಿಯ ಕೆಲಸ ಶುರು. ಮೊದಲು ನಾಯಿಯನ್ನು ಬಿಟ್ಟು, ಅದು ಅವರ ಬಳಿ ಹೋಗಿ ಪರಿಚಯ ಮಾಡಿಕೊಂಡ ಮೇಲೆ, ನಾಯಿಯಿಂದ ತೊಂದರೆಯಾಯಿತೇ ಎಂದು ಕ್ಷಮೆ ಕೇಳುವ ನೆಪದಲ್ಲಿ ತಾವು ಹೋಗುವುದು. ಆ ಸಂಜೆ ಇಡೀ ಕುಟುಂಬ ರೋಸಿನಾಂಟೆಯೊಳಗೆ ಇಕ್ಕಟ್ಟಾಗಿ ಕೂತು ಪಾನೀಯ ಸೇವಿಸಿ ಹರಟಿತು. ಹಂಗಾಮಿಗೆ ಬಂದು ದುಡಿದು ಹೋಗುವ ಕೂಲಿಗಳು, ಅವರ ಬಿಡಾರ, ಪಕ್ಕದಲ್ಲಿ ಸ್ಟೈನ್‌ಬೆಕ್ ಗಾಡಿ. 1936ರ ದೃಶ್ಯವೇ, ಆದರೆ ಈಗ ಒಳಗೆ ಫ್ರಿಜ್ಜು ಇತ್ತು, ಕಪಾಟಿನಲ್ಲಿ ಒಳ್ಳೆಯ ಬ್ರಾಂಡಿ ಇತ್ತು.

ನಾಯಿ ಜತೆಗಿದ್ದರೆ ಆಗುವ ಫಜೀತಿಗಳೂ ಕಡಿಮೆಯಿರಲಿಲ್ಲ. ನಯಾಗರ ಬಳಿ ಕೆನಡಾ ದಾಟಿ ಹೋಗೋಣವೆಂದರೆ ಚಾರ್ಲಿಗೆ ಲಸಿಕೆ ಹಾಕಿಸಿದ ಪ್ರಮಾಣಪತ್ರ ಇರಲಿಲ್ಲ. ಕೆನಡಾದವರು ಸಭ್ಯವಾಗಿ ತಿರುಗಿಸಿ ಕಳಿಸಿದರು, ದೇಶವನ್ನೇ ಬಿಡದವರನ್ನು ಅಮೆರಿಕದ ಕಸ್ಟಮ್ಸ್‌ನವರು ತಡಕಾಡಿ ತಪಾಸಣೆ ಮಾಡಿದರು. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕರಡಿ ಕಂಡದ್ದೇ ತಡ, ಜೀವಮಾನದಲ್ಲಿ ಯಾರ ಮೇಲೂ ಏರಿಹೋಗದ ಚಾರ್ಲಿ ಕೆರಳಿ ಕಿರುಚಾಡತೊಡಗಿದ. ಉದ್ಯಾನ ನೋಡುವುದನ್ನೇ ಬಿಟ್ಟು ವಾಪಸಾಗಬೇಕಾಯಿತು. ಮುಂದೆ ಚಾರ್ಲಿಗೆ ಮೂತ್ರ ಕಟ್ಟಿ ನರಳಾಟ. ರಾತ್ರಿಯೇ ಗಾಡಿ ಓಡಿಸಿ ಸ್ಪೋಕೇನ್‌ನ ಪಶುವೈದ್ಯರ ಬಳಿ ಹೋದರೆ, ಅವರಿಗೆ ಹಿಂದಿನ ರಾತ್ರಿಯ ಅಮಲು ಇಳಿದಿರಲಿಲ್ಲ, ಕೈ ನಡುಗುತ್ತಿತ್ತು. ಕೊನೆಗೆ ಟೆಕ್ಸಸ್‌ನ ಅಮರಿಲ್ಲೋದಲ್ಲಿ ಒಬ್ಬ ಒಳ್ಳೆಯ ಪಶುವೈದ್ಯರು ಸಿಕ್ಕಿ ನಾಯಿ ಚೇತರಿಸಿಕೊಂಡಿತು. ಪುಸ್ತಕದ ಅತ್ಯಂತ ಆಪ್ತ ಪುಟಗಳು ಇವೇ. ಕಾಯಿಲೆಯ ಮುದುಕನೊಬ್ಬ ತನ್ನ ಕಾಯಿಲೆಯ ಸುದ್ದಿಯೆತ್ತದೆ ನಾಯಿಯ ಕಾಯಿಲೆಗೆ ಕಂಗಾಲಾಗುವ ಪುಟಗಳು.

ಮೊಂಟಾನಾ ಅವರಿಗೆ ತುಂಬ ಹಿಡಿಸಿತು. ಹುಟ್ಟೂರು ಸಾಲಿನಾಸ್ ಹಿಡಿಸಲಿಲ್ಲ. ಊರು ಬೆಳೆದಿತ್ತು, ಗೆಳೆಯರಲ್ಲಿ ಅನೇಕರು ಸತ್ತಿದ್ದರು, ಇದ್ದವರಿಗೆ ಇವರು ಹಳೆ ಕಾಲದ ನೆನಪು ಮಾತ್ರ. ಫ್ರೀಮಾಂಟ್ ಶಿಖರಕ್ಕೆ ಚಾರ್ಲಿಯನ್ನು ಕರೆದುಕೊಂಡು ಹೋಗಿ, ಕೆಳಗಿನ ಕಣಿವೆಯನ್ನೊಮ್ಮೆ ನೋಡಿ ಇಳಿದುಬಿಟ್ಟರು. ಮೊಹಾವಿ ಮರುಭೂಮಿಯಲ್ಲಿ ಎರಡು ಕಯೋಟಿ ನರಿಗಳು ಕೋವಿಯ ಗುರಿಗೆ ಸಿಕ್ಕವು. ಕುದುರೆ ಎಳೆಯದೆ ಕೋವಿ ಇಳಿಸಿದರು, ನಾಯಿಗೆ ತಂದಿದ್ದ ಆಹಾರದ ಎರಡು ಡಬ್ಬಿ ತೆರೆದು ಅವುಗಳಿಗೆ ಬಿಟ್ಟು ಬಂದರು.

ನ್ಯೂ ಆರ್ಲಿಯನ್ಸ್‌ನ ಶಾಲೆಯ ಮುಂದೆ

ಪ್ರವಾಸದ ಕೊನೆಯ ಭಾಗದಲ್ಲಿ ಸ್ಟೈನ್‌ಬೆಕ್ ಬೇಕೆಂದೇ ಒಂದು ಊರಿಗೆ ಹೋದರು. ನ್ಯೂ ಆರ್ಲಿಯನ್ಸ್‌ನ ವಿಲಿಯಂ ಫ್ರಾಂಟ್ಜ್ ಶಾಲೆಗೆ 1960ರ ನವೆಂಬರ್ 14ರಂದು ಆರು ವರ್ಷದ ಕಪ್ಪು ಬಾಲಕಿ ರೂಬಿ ಬ್ರಿಡ್ಜಸ್ ಸೇರಿದ್ದಳು. ಅಲ್ಲಿಯವರೆಗೆ ಅದು ಬಿಳಿಯರ ಶಾಲೆ. ಕೇಂದ್ರದ ಮಾರ್ಷಲ್‌ಗಳು ಸುತ್ತುವರಿದು ಮಗುವನ್ನು ದಿನವೂ ಒಳಗೆ ಕರೆದೊಯ್ಯಬೇಕಿತ್ತು. ಹೊರಗೆ ಒಂದಷ್ಟು ಬಿಳಿಯ ಹೆಂಗಸರು ಬೆಳಗ್ಗೆ ಬೆಳಗ್ಗೆಯೇ ಬಂದು ಆ ಮಗುವಿನ ಮೇಲೆ ಬೈಗುಳ ಸುರಿಸುತ್ತಿದ್ದರು, ನೋಡಲು ಜನ ಸೇರುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು.

ದಕ್ಷಿಣಕ್ಕೆ ಕಾಲಿಟ್ಟಾಗಿನಿಂದ, ಪಕ್ಕದ ಸೀಟಿನ ಕಡುಬಣ್ಣದ ಚಾರ್ಲಿಯನ್ನು ಕಪ್ಪು ಮನುಷ್ಯನೆಂದುಕೊಂಡೆ ಎಂದು ಹಲ್ಲು ಕಿರಿಯುವ ಹೀನ ತಮಾಷೆಯನ್ನು ಸ್ಟೈನ್‌ಬೆಕ್ ಮತ್ತೆ ಮತ್ತೆ ಕೇಳಿದ್ದರು. ಚಾರ್ಲಿಯನ್ನು ಗಾಡಿಯಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಶಾಲೆಯ ಬಳಿ ಹೋಗಿ ಗುಂಪಿನಲ್ಲಿ ನಿಂತು ಎಲ್ಲವನ್ನೂ ನೋಡಿದರು. ಹೆಂಗಸರ ಮಾತು ಎಷ್ಟು ಅಸಹ್ಯವಾಗಿತ್ತೆಂದರೆ, ಅವರು ಯಥಾವತ್ತಾಗಿ ಬರೆದಿದ್ದ ಬೈಗುಳಗಳನ್ನು ಅಚ್ಚಾಗುವ ಮುನ್ನ ತೆಗೆಯಬೇಕಾಯಿತು. ಹೊಟ್ಟೆ ತೊಳಸಿ ಅಲ್ಲಿಂದ ಹೊರಟ ಮೇಲೆ ಅವರಿಗೆ ಊರು ನೋಡುವ ಮನಸ್ಸೇ ಹೋಯಿತು. ವರ್ಜೀನಿಯಾದ ಅಬಿಂಗ್‌ಡನ್ ಹತ್ತಿರ ಪ್ರವಾಸ ಮನಸ್ಸಿನೊಳಗೇ ಮುಗಿದುಹೋಯಿತು, ಅಲ್ಲಿಂದಾಚೆ ಬರೀ ಗಾಡಿ ಓಡಿಸಿದರು. ನ್ಯೂಯಾರ್ಕ್ ತಲುಪುವಾಗ ಬ್ಯೂಟೇನ್ ಅನಿಲವಿದೆ ಎಂದು ಸುರಂಗ ರಸ್ತೆಗೆ ಬಿಡಲಿಲ್ಲ. ಹತ್ತು ಸಾವಿರ ಮೈಲಿ ದಾರಿ ಹುಡುಕಿದವರು ತಮ್ಮದೇ ಮನೆಯ ಹತ್ತಿರ ದಾರಿ ತಪ್ಪಿ ಪೊಲೀಸನನ್ನು ಕೇಳಬೇಕಾಯಿತು.

ಅಷ್ಟು ಒಂಟಿಯಾಗಿದ್ದರೇ?

ಪುಸ್ತಕ ಅಪಾರ ಜನಪ್ರಿಯವಾಯಿತು. ಲಕ್ಷಾಂತರ ಓದುಗರು ಅದನ್ನು ಒಂಟಿ ಮನುಷ್ಯ ಮತ್ತು ನಾಯಿಯ ನಿಜಕಥೆ ಎಂದೇ ನಂಬಿದರು. 2010ರಲ್ಲಿ ಅಮೆರಿಕದ ಪತ್ರಕರ್ತ ಬಿಲ್ ಸ್ಟೈಗರ್‌ವಾಲ್ಡ್ ಅದೇ ದಾರಿಯಲ್ಲಿ ಹೋಗಿ, ಸ್ಟೈನ್‌ಬೆಕ್ ಪತ್ರಗಳನ್ನೂ ಮೂಲ ಹಸ್ತಪ್ರತಿಯನ್ನೂ ತಾಳೆ ನೋಡಿದರು. ಅವರ ಲೆಕ್ಕದಂತೆ ಪ್ರವಾಸದ ಅರ್ಧಕ್ಕಿಂತ ಹೆಚ್ಚು ದಿನ ಎಲೇನ್ ಜತೆಗಿದ್ದರು. ಅನೇಕ ರಾತ್ರಿ ಕಳೆದದ್ದು ಟ್ರಕ್ಕಿನಲ್ಲಲ್ಲ, ಹೋಟೆಲು, ಮೋಟೆಲು, ಗೆಳೆಯರ ಮನೆಗಳಲ್ಲಿ. ಕೆಲವು ಭೇಟಿಗಳು ಕಲ್ಪಿತವಿರಬೇಕು. 2012ರ ಆವೃತ್ತಿಯ ಮುನ್ನುಡಿಯಲ್ಲಿ, ಸ್ಟೈನ್‌ಬೆಕ್ ಜೀವನಚರಿತ್ರೆ ಬರೆದ ಜೇ ಪರೀನಿ ಕೂಡ, ಇದನ್ನು ಅಕ್ಷರಶಃ ಸತ್ಯವೆಂದು ಓದಬಾರದು ಎಂಬ ಎಚ್ಚರಿಕೆ ಸೇರಿಸಿದರು.

ಶಿಕಾಗೋದಲ್ಲಿ ಎಲೇನ್ ಬಂದದ್ದು, ಟೆಕ್ಸಸ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮಾಡಿದ್ದು ಪುಸ್ತಕದಲ್ಲೇ ಇದೆ ಎಂಬುದೂ ನಿಜ. ಆದರೆ ಒಟ್ಟು ಚಿತ್ರ ಒಂಟಿ ಪಯಣಿಗನದು. 1940ರ ದೋಣಿಯಿಂದ ಕ್ಯಾರೊಲ್ ಮಾಯವಾದಂತೆ ಪಶ್ಚಿಮ ಕರಾವಳಿಯ ದಾರಿಯಿಂದ ಎಲೇನ್ ಮಾಯವಾದರು. ಬ್ರೆಡ್ ಗಾಡಿಯಲ್ಲಿ ಹೋಗಿ ಬರೆದ ವರದಿಗಳಲ್ಲಿ ಸ್ಟೈನ್‌ಬೆಕ್ ತಮ್ಮನ್ನು ಹಿಂದೆ ಇಟ್ಟು ಬೇರೆಯವರನ್ನು ಮುಂದೆ ತಂದಿದ್ದರು. ರೋಸಿನಾಂಟೆಯ ಕಥೆಯಲ್ಲಿ ಅವರೇ ನಾಯಕ. ಸಾಹಿತ್ಯವಾಗಿ ಎರಡೂ ಓದಿಸಿಕೊಳ್ಳುತ್ತವೆ, ತೂಕ ಮಾತ್ರ ಒಂದೇ ಅಲ್ಲ. ಆದರೂ ಶಾಲೆಯ ಮುಂದಿನ ಆ ಬೆಳಗ್ಗಿನ ಪುಟಗಳಲ್ಲಿ ಹಳೆಯ ಸ್ಟೈನ್‌ಬೆಕ್ ಒಮ್ಮೆ ಎದ್ದು ಬರುತ್ತಾರೆ.

ನೊಬೆಲ್ ಬಂದಾಗ ಸಂತೋಷಕ್ಕಿಂತ ಟೀಕೆಯೇ ಹೆಚ್ಚು ಕೇಳಿಸಿತು. ಇವರ ದೊಡ್ಡ ಕೃತಿಗಳ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು ಎಂದು ಅಮೆರಿಕದ ವಿಮರ್ಶಕರೇ ಬರೆದರು. ಸ್ಟೈನ್‌ಬೆಕ್ ಆಮೇಲೆ ಕಾದಂಬರಿ ಪ್ರಕಟಿಸಲಿಲ್ಲ. 1963ರಲ್ಲಿ ಚಾರ್ಲಿ ಸತ್ತ. ಏಂಜೆಲ್ ಎಂಬ ಬಿಳಿಯ ಬುಲ್ ಟೆರಿಯರ್ ಮನೆಗೆ ಬಂತು. 1966ರ ಕೊನೆಯಲ್ಲಿ ವಿಯೆಟ್ನಾಂಗೆ ಹೋಗಿ ಅಮೆರಿಕದ ಸೈನಿಕರ ಪರವಾಗಿ ಬರೆದ ವರದಿಗಳಿಂದ ಹಳೆಯ ಅಭಿಮಾನಿಗಳು ದೂರವಾದರು. 1968ರ ಡಿಸೆಂಬರ್ 20ರಂದು ನ್ಯೂಯಾರ್ಕಿನಲ್ಲಿ ಹೃದಯ ಸೋತು ತೀರಿಕೊಂಡರು. ಎಲೇನ್ ಅಸ್ಥಿಯನ್ನು ಸಾಲಿನಾಸ್‌ಗೆ ತಂದು ಕುಟುಂಬದ ಸಮಾಧಿಯಲ್ಲಿ ಇರಿಸಿದರು.

ರೋಸಿನಾಂಟೆ ಈಗ ಸಾಲಿನಾಸ್‌ನ ರಾಷ್ಟ್ರೀಯ ಸ್ಟೈನ್‌ಬೆಕ್ ಕೇಂದ್ರದಲ್ಲಿದೆ. ಸ್ಟೈನ್‌ಬೆಕ್ ಹುಟ್ಟಿದ ಮನೆ ಅಲ್ಲಿಗೆ ಹತ್ತಿರ. ಬಂದವರು ಹಸಿರು ಟ್ರಕ್ಕಿನ ಕಿಟಕಿಯಿಂದ ಇಣುಕಿ ಅವರ ಪುಟ್ಟ ಮನೆಯನ್ನು ನೋಡಬಹುದು. ಆರ್ವಿನ್ ಶಿಬಿರದ ಕೆಲವು ಹಳೆ ಕಟ್ಟಡಗಳೂ ಉಳಿದಿವೆ, ಅವು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿವೆ. ಆದರೆ ಅದು ವಸ್ತುಸಂಗ್ರಹಾಲಯವಾಗಿಲ್ಲ. ಕೊಯ್ಲಿನ ಹಂಗಾಮು ಶುರುವಾದರೆ ದೂರದಿಂದ ಬರುವ ಕೃಷಿ ಕೂಲಿ ಕುಟುಂಬಗಳಿಗೆ ಆ ಜಾಗದಲ್ಲಿ ಮನೆ ಕೊಡುತ್ತಾರೆ, ಕೆಲಸ ಮುಗಿದ ಮೇಲೆ ಅವರು ಖಾಲಿ ಮಾಡಿ ಮುಂದಿನ ಊರಿಗೆ ಹೋಗುತ್ತಾರೆ.